ಹೆಸರಿಲ್ಲದ ಐದು ವ್ಯಾಗನುಗಳು

ಮೂಡುಬಿದಿರೆ
14-11-1984

ಪ್ರೀತಿಯ ಪದ್ದುವಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೇಸರಿಸಬೇಡ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ. ಇನ್ನೂ ಸುಮ್ಮನಿದ್ದರೆ ಅಮ್ಮನಿಗೆ ತಪ್ಪಿನ ಅರಿವಾಗಿದೆ ಎಂದು ನೀನು ತಿಳಿದುಕೊಂಡೀಯೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಮಗುವಿನ ಕೆಮ್ಮು ಹೇಗಿದೆ? ಕಾಳುಮೆಣಸಿನ ಕಷಾಯ ಬಿಡಬೇಡ. ಅಳಿಯಂದಿರ ವರ್ಗದ ಸುದ್ದಿ ಏನಾಯಿತು?

"ಬಂಟ್ವಾಳದಲ್ಲಿ ಅಷ್ಟು ಜನರ ಮುಂದೆ ಅಪ್ಪನ ಮಾನ ತೆಗೆದೆಯಂತೆ" ಎಂದು ಬರೆದಿದ್ದೀಯೆ. ನಿನ್ನ ಚಿಕ್ಕಪ್ಪ ಹೇಮರಾಜ ಬರೆದದ್ದನ್ನು ನಂಬಿದೆ. ಹೆತ್ತವಳನ್ನು ಒಂದು ಮಾತು ಕೇಳಬೇಕೆಂದು ನಿನಗೆ ಅನ್ನಿಸಲಿಲ್ಲ. ಇರಲಿ, ಕೇಳದಿದ್ದರೂ ಹೇಳುತ್ತೇನೆ.

ಆ ಆಟದ ರೈಲು ನಿನಗೆ ನೆನಪಿದೆ. ಮಂಗಳೂರು ಬಿಟ್ಟು ಹೋಗುತ್ತಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿ, ಗೂಡ್ಸ್ ಶೆಡ್ಡಿನ ಗುಮಾಸ್ತರಾಗಿದ್ದ ನಿನ್ನ ಅಪ್ಪನಿಗೆ ಒಂದು ಇಂಜಿನು, ಮೂರು ವ್ಯಾಗನು ಕೊಟ್ಟು ಹೋಗಿದ್ದ. ಭಾನುವಾರ ಬಂತೆಂದರೆ ಚಾವಡಿಯ ತುಂಬ ಹಳಿ. ನಿನ್ನ ಮದುವೆಯಾದ ಮೇಲೆ ಮನೆ ಖಾಲಿಯಾಯಿತು. ಒಂದು ದಿನ ಅವರು, "ಬರೀ ಮೂರು ವ್ಯಾಗನಿನ ಗೂಡ್ಸ್ ರೈಲು ಎಲ್ಲಿಯಾದರೂ ಉಂಟಾ?" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆ ಮುಖ ನೋಡಲಾಗಲಿಲ್ಲ ನನಗೆ.

ಅಳದಂಗಡಿಯ ನನ್ನ ತವರಿನಲ್ಲಿ ವರ್ಷಗಟ್ಟಲೆ ಬಡಗಿಗಳ ಕೆಲಸ ನಡೆದಿತ್ತು. ಅವರ ಪಕ್ಕ ಕೂತು ಉಳಿ ಹಿಡಿಯಲು ಕಲಿತವಳು ನಾನು. ಹಾಸನದ ರೈಲು ಲೈನು ಶುರುವಾದ ಮೇಲೆ ಬಂಟ್ವಾಳದ ತಂಗಿಯ ಮನೆಗೆ ಹೋಗಿದ್ದಾಗ, ಸ್ಟೇಷನ್ನಿನಲ್ಲಿ ನಿಂತಿದ್ದ ವ್ಯಾಗನನ್ನು ಹಗ್ಗ ಹಿಡಿದು ಅಳೆದೆ. ಹಗ್ಗದ ಇನ್ನೊಂದು ತುದಿ ಹಿಡಿದವಳು ತಂಗಿಯ ನೆರೆಯ ಖತೀಜಮ್ಮ. "ಎಂತ ಮಾರಾಯ್ತಿ, ರೈಲಿಗೆ ಅಂಗಿ ಹೊಲೀಲಿಕ್ಕುಂಟಾ?" ಎಂದು ಅವಳು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಚಹಾ ಪೆಟ್ಟಿಗೆಯ ತೆಳು ಹಲಗೆ, ಬಿಸ್ಕತ್ತು ಡಬ್ಬಿಯ ತಗಡು, ಕೊಡೆಯ ಕಡ್ಡಿ, ಇಷ್ಟರಿಂದಲೇ ಅದರ ಪುಟ್ಟ ಮಾದರಿ ಮಾಡಿದೆ. ಚಕ್ರಗಳನ್ನು ಮಾತ್ರ ಪಾಣೆಮಂಗಳೂರಿನ ಒಂದು ಲೇತಿನಲ್ಲಿ ಕಡೆಸಿದೆ. ತಗಡಿನ ಹಿಂದಿನಿಂದ ಮೊಂಡು ಸೂಜಿ ಒತ್ತಿ ಒತ್ತಿ ವ್ಯಾಗನಿನ ಮೈಮೇಲಿನ ಮೊಳೆತಲೆಗಳಂಥ ಉಬ್ಬುಗಳ ಸಾಲು ಎಬ್ಬಿಸುವಷ್ಟರಲ್ಲಿ ಹೆಬ್ಬೆರಳು ಬಾತುಹೋಗಿತ್ತು.

ಮೊದಲನೆಯ ವ್ಯಾಗನನ್ನು ಕೈಗಿಟ್ಟಾಗ ನಿನ್ನ ಅಪ್ಪ ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣು ಒದ್ದೆಯಾಗಿತ್ತು. ಅದು ಸುಳ್ಳಲ್ಲ. ಆದರೆ ಆಮೇಲೆ ಆಫೀಸಿನವರು ಮನೆಗೆ ಬಂದು, "ಇದೆಲ್ಲಿಂದ ತರಿಸಿದ್ರಿ?" ಎಂದು ಕೇಳಿದಾಗ, ಕಾಫಿ ಹಿಡಿದು ನಾನು ಅಲ್ಲೇ ನಿಂತಿದ್ದೆ, ನಿನ್ನ ಅಪ್ಪ "ವಿಲಾಯತಿಯಿಂದ" ಎಂದುಬಿಟ್ಟರು. ಬಂದವರು ಹೋದ ಮೇಲೆ, "ಹೆಂಡತಿ ಹತ್ರ ಬಡಗಿ ಕೆಲಸ ಮಾಡಿಸ್ತಾನೆ ಅಂತ ನಗ್ತಾರೆ ಮಾರಾಯ್ತಿ" ಎಂದು ನನ್ನನ್ನೇ ಸಮಾಧಾನ ಮಾಡಿದರು. ಸಂಕೋಚದ ಮನುಷ್ಯ ಎಂದುಕೊಂಡೆ. ಇನ್ನೂ ನಾಲ್ಕು ಮಾಡಿಕೊಟ್ಟೆ. ನಿನಗೂ ಅವರು ವಿಲಾಯತಿಯ ಕಥೆಯನ್ನೇ ಹೇಳಿದ್ದಾರೆ, ಗೊತ್ತು.

ನಿನ್ನ ಅಪ್ಪ ತೀರಿಕೊಂಡು ವರ್ಷ ಕಳೆದ ಮೇಲೆ ಹೇಮರಾಜ ಮಂಗಳೂರಿನ ನಿತ್ಯಾನಂದ ಪೈಗಳನ್ನು ಕರೆದುಕೊಂಡು ಬಂದ. ಇಂಥ ರೈಲುಗಳ ಬಗ್ಗೆ ತಿಳಿದವರು. ಬಂಟ್ವಾಳದ ಶಾಲೆಯೊಂದರಲ್ಲಿ ಪ್ರದರ್ಶನ ಇಡುವವರಿದ್ದರು, ಯಾವುದು ಯಾರು ಮಾಡಿದ್ದೆಂದು ಗುರುತಿಸಿ ಚೀಟಿ ಹಾಕಬೇಕಿತ್ತು. ಪೈಗಳು ಮೂರನ್ನು ಬದಿಗಿಟ್ಟು, "ಇವು ಇಂಗ್ಲಿಷ್ ಕಂಪೆನಿಯದ್ದು. ಕೊಂಡಿ ನೋಡಿದ್ರೇ ಗೊತ್ತಾಗ್ತದೆ. ಈ ಐದು ಯಾರದ್ದು?" ಎಂದರು.

"ಅಣ್ಣ ವಿಲಾಯತಿಯಿಂದ ತರಿಸಿದ್ದು," ಎಂದ ಹೇಮರಾಜ.

"ಸಾಧ್ಯವೇ ಇಲ್ಲ. ಇದು ನಮ್ಮ ಹಾಸನ ಲೈನಿನ ವ್ಯಾಗನ್. ವಿಲಾಯತಿಯವ ಇದನ್ನು ಎಲ್ಲಿ ನೋಡಿದ? ಇಲ್ಲಿಯೇ ಯಾರೋ ಮಾಡಿದ್ದು. ಐದೂ ಒಂದೇ ಕೈಯದ್ದು."

"ನಾನು ಮಾಡಿದ್ದು," ಎಂದೆ.

ಹೇಮರಾಜ ನಕ್ಕ. "ಅಣ್ಣ ಹೋದ ಮೇಲೆ ಅತ್ತಿಗೆ ಸ್ವಲ್ಪ ಹೀಗೆ," ಎಂದು ತಲೆಯ ಹತ್ತಿರ ಬೆರಳು ತಿರುಗಿಸಿದ. "ಹಾಗಾದ್ರೆ ಅಣ್ಣನೇ ಮಾಡಿರ್ಬೇಕು. ಅವರ ಕೈ ಅಂಥಾದ್ದು." ಒಂದು ಉಸಿರಿನ ಹಿಂದೆ ವಿಲಾಯತಿಯಲ್ಲಿದ್ದ ಕೈ ಅಣ್ಣನಿಗೆ ಬಂದು ಅಂಟಿಕೊಂಡಿತು. ನನ್ನ ಕೈ ಮಾತ್ರ ಅವನಿಗೆ ಕಾಣಲಿಲ್ಲ. ಪೈಗಳು ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಲೋಟ ಕೆಳಗಿಟ್ಟು ಎದ್ದರು.

ವ್ಯಾಗನುಗಳನ್ನು ಹೇಮರಾಜ ಒಯ್ದ, ಪ್ರದರ್ಶನಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಬಸ್ಸು ಹತ್ತಿ ಹೋದೆ. ಬಂಟ್ವಾಳದಲ್ಲಿ ಇಳಿದಾಗ ಖತೀಜಮ್ಮನೂ ಜೊತೆಗೆ ಬಂದಳು. ಐದು ವ್ಯಾಗನಿನ ಮುಂದೆ ಚೀಟಿ: "ತಯಾರಿಸಿದವರು: ದಿವಂಗತ ಅಭಯಚಂದ್ರ, ಮೂಡುಬಿದಿರೆ." ಪಕ್ಕದಲ್ಲಿ ನಿಂತು ಹೇಮರಾಜ, ಅಣ್ಣ ಹೇಗೆ ಊಟ ಬಿಟ್ಟು ಇವನ್ನು ಮಾಡುತ್ತಿದ್ದರೆಂದು ಜನರಿಗೆ ವಿವರಿಸುತ್ತಿದ್ದ. ಊಟ ಬಿಟ್ಟವಳು ಯಾರು ಪದ್ದು?

ನಾನು ಕೂಗಾಡಲಿಲ್ಲ. ನಿನ್ನ ಅಪ್ಪನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಒಂದೊಂದೇ ಎತ್ತಿ ಚೀಲಕ್ಕೆ ಹಾಕಿದೆ.

"ಅತ್ತಿಗೆ, ಜನ ನೋಡ್ತಿದ್ದಾರೆ!"

"ನೋಡ್ಲಿ. ನೋಡ್ಲಿಕ್ಕೇ ಅಲ್ವಾ ಅವರನ್ನು ಕರೆದದ್ದು?"

ಅವನು ಚೀಲಕ್ಕೆ ಕೈ ಹಾಕಿದ. ಆಗ ಖತೀಜಮ್ಮ ನಡುವೆ ಬಂದು ನಿಂತಳು. "ಅಳತೆ ತೆಗೀವಾಗ ಹಗ್ಗ ಹಿಡಿದದ್ದು ನಾನು. ಆಗ ನೀವು ಎಲ್ಲಿದ್ರಿ ಧಣಿ?" ಎಂದಳು. ಹೇಮರಾಜನ ಕೈ ಹಿಂದೆ ಹೋಯಿತು. ಇಂಗ್ಲಿಷ್ ಕಂಪೆನಿಯ ಮೂರನ್ನು ಅಲ್ಲೇ ಬಿಟ್ಟು ಬಂದೆ. ಅವು ನನ್ನವಲ್ಲ. ಮಾನ ತೆಗೆದದ್ದು ಎಂದು ನೀನು ಬರೆದದ್ದು ಇದನ್ನು.

ಕಳೆದ ಭಾನುವಾರ ಪೈಗಳು ತಾವಾಗಿಯೇ ಬಂದಿದ್ದರು. "ತಪ್ಪಾಯ್ತಮ್ಮ. ನೀವು ಹೇಳಿದಾಗಲೇ ಕೇಳ್ಬೇಕಿತ್ತು," ಎಂದರು. ಮಂಗಳೂರಿನಲ್ಲಿ ಇನ್ನೊಮ್ಮೆ ಇಡುತ್ತಾರಂತೆ. ಕೊಡುತ್ತೇನೆ, ಆದರೆ ಚೀಟಿ ನಾನೇ ಬರೆಯುತ್ತೇನೆ ಎಂದೆ. ಒಪ್ಪಿದರು. ಚೀಟಿಯಲ್ಲಿ ನನ್ನ ಹೆಸರು ಮಾತ್ರ ಇರುತ್ತದೆ. ಅಪ್ಪನ ಹೆಸರು ಸೇರಿಸು ಎಂದು ನೀನು ಬರೆಯಬೇಡ.

ನಿನ್ನ ಮೇಲಿನ ಸಿಟ್ಟು ಮುಗಿದಿಲ್ಲ, ಆದರೂ ನೀನು ಹಾಗೂ ಮಗು ಸುಖವಾಗಿರಿ. ರಜೆಯಲ್ಲಿ ಬಾ. ಮಗುವಿಗೆ ವ್ಯಾಗನು ಮುಟ್ಟಬೇಡ ಎಂದು ಯಾರೂ ಹೇಳುವುದಿಲ್ಲ.

ನಿನ್ನ ಅಮ್ಮ,
ರಾಜಮತಿ

ಮ.ಬ.: ಇದನ್ನು ಬರೆಯಬಾರದೆಂದಿದ್ದೆ. "ಇಷ್ಟು ಚಂದ ಮಾಡಿ ಒಂದು ಗುರುತು ಹಾಕ್ಲಿಲ್ವಲ್ಲ ಅಮ್ಮ, ಯಾಕೆ?" ಎಂದು ಪೈಗಳು ಕೇಳಿದರು. ಅಭ್ಯಾಸ ಇಲ್ಲ ಎಂದೆ. ಸುಳ್ಳು. ಐದರ ಅಡಿಯಲ್ಲೂ ಉಳಿಯ ತುದಿಯಿಂದ "ರಾ" ಎಂದು ಕೊರೆದಿದ್ದೆ. ಅಂದು ಹೇಮರಾಜ ನಕ್ಕಾಗ, ಸಾಕ್ಷಿ ತೋರಿಸಿ ನಂಬಿಸುವುದೇನು ಎಂದು ತಿರುಗಿಸಿರಲಿಲ್ಲ. ಬಂಟ್ವಾಳದಿಂದ ತಂದ ಮೇಲೆ ತಿರುಗಿಸಿ ನೋಡಿದರೆ ಒಂದರಲ್ಲೂ ಇಲ್ಲ. ಆ ಜಾಗ ಬೆರಳಿಗೆ ತಗ್ಗಾಗಿ ಸಿಗುತ್ತದೆ, ಉಜ್ಜಿ ಕೆರೆದದ್ದು, ಮೇಲೆ ಕಪ್ಪು ಬಣ್ಣ. ಹೇಮರಾಜ ಅಲ್ಲ ಪದ್ದು. "ವ್ಯಾಗನಿನ ಅಡಿಗೆ ಹುಳ ಹಿಡಿಯದ ಹಾಗೆ ಸ್ವಲ್ಪ ಬಳಿತೇನೆ, ಬಣ್ಣ ಕಲಸಿಕೊಡು" ಎಂದು ನಿನ್ನ ಅಪ್ಪ ಕೇಳಿದ್ದರು. ಕಲಸಿ, ಕುಂಚ ತೊಳೆದು, ಕೈಗೆ ಕೊಟ್ಟವಳು ನಾನೇ.