ಸಿನಿಮಾ ರಾಗಕ್ಕೆ ಆಮೆನ್

ಸವಾಯಿ ದ್ವೀಪ,
ಆಗಸ್ಟ್ 14, ಗುರುವಾರ

ನನ್ನ ಮುದ್ದು ಮಸೀನಾ,

ನಿನಗೂ ನಿನ್ನ ಪುಟ್ಟಿಗೂ ಅಮ್ಮನ ಮುತ್ತುಗಳು. ಆಕ್ಲೆಂಡಿನಲ್ಲಿ ಚಳಿ ಜೋರಂತೆ, ಕಿವಿ ಮುಚ್ಚಿಕೊಂಡು ಓಡಾಡು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ಸುದ್ದಿ ಏನೆಂದರೆ, ನಿನ್ನ ಆ ಸಿನಿಮಾದ ರಾಗವನ್ನು ನಾನು ಪಿಯಾನೊದಲ್ಲಿ ನುಡಿಸಲು ಕಲಿತುಬಿಟ್ಟೆ. ಮೊದಲಿಂದ ಕೊನೆಯವರೆಗೆ, ಎರಡೂ ಕೈಯಲ್ಲಿ. ನಗಬೇಡ.

ಹೌದು, ಅದೇ ರಾಗ. ಹದಿನಾರನೇ ವಯಸ್ಸಿನಲ್ಲಿ ನೀನು ಖಾಲಿ ಚರ್ಚಿನಲ್ಲಿ ಕೂತು ನುಡಿಸಿದ್ದು. ಯಾರೋ ಅದನ್ನು ಪಾದ್ರಿಗಳ ಕಿವಿಗೆ ಹಾಕಿದರು, ಚರ್ಚಿನಲ್ಲಿ ಸಿನಿಮಾ ಹಾಡೇ ಎಂದು ಅವರು ಎಲ್ಲರೆದುರು ನಿನಗೆ ಇನ್ನು ಪಿಯಾನೊ ಮುಟ್ಟಬೇಡವೆಂದರು. ಆವತ್ತು ಅಲ್ಲಿ ಅಂಗಳ ಗುಡಿಸುತ್ತಿದ್ದವಳು ನಿನ್ನ ಚಿಕ್ಕಮ್ಮ ಲೋಸಾ ಒಬ್ಬಳೇ, ಹೇಳಿದ್ದು ಅವಳೇ ಎಂದು ನೀನು ಅವಳ ಜೊತೆ ಮಾತು ಬಿಟ್ಟೆ, ಆಮೇಲೆ ಊರನ್ನೂ ಬಿಟ್ಟೆ. ಒಂಬತ್ತು ವರ್ಷವಾಯಿತು. ನೀನು ಒಮ್ಮೆ ಮನೆಗೆ ಬರಬೇಕು, ನನ್ನ ಆಸೆ ಅಷ್ಟೇ.

ಕಲಿಕೆಯ ಪಾಡು ಕೇಳು. ಪಾದ್ರಿಗಳು ಮಧ್ಯಾಹ್ನ ಕೆಸುವಿನ ತೋಟಕ್ಕೆ ಹೋದ ಮೇಲೆ ನಾನೂ ಲೋಸಾಳೂ ಚರ್ಚಿಗೆ ನುಗ್ಗುತ್ತಿದ್ದೆವು. ಲೋಸಾ ಫೋನು ಹಿಡಿದು ನಿಲ್ಲುತ್ತಿದ್ದಳು, ಅದರಲ್ಲಿ ಯಾರದೋ ಬೆರಳುಗಳು ನುಡಿಸುತ್ತಿದ್ದವು. ಇಪ್ಪತ್ತಾರು ವರ್ಷ ಬರೀ ಕೀರ್ತನೆ ನುಡಿಸಿದ ಕೈ ನನ್ನದು, ಸ್ವರಗಳನ್ನೆಲ್ಲ ಒಟ್ಟಿಗೆ ಒತ್ತಿ ಕೂತುಬಿಡುತ್ತದೆ. ಈ ರಾಗಕ್ಕೆ ಎಡಗೈ ಒಂದರ ಹಿಂದೊಂದು ಬಿಡಿಬಿಡಿಯಾಗಿ ಓಡಬೇಕು. ಲೋಸಾಳ ಬಾಯಿ ನಿನಗೆ ಗೊತ್ತಲ್ಲ. "ಅಕ್ಕಾ, ಸಿನಿಮಾದಲ್ಲಿ ಆ ಹುಡುಗ ಹುಡುಗಿ ಹಿಂದೆ ಓಡ್ತಾ ಇದಾನೆ. ನಿನ್ನ ಸ್ಪೀಡಿಗೆ ಅವಳಿಗೆ ಮೊಮ್ಮಕ್ಕಳೇ ಆಗಿಬಿಡ್ತಾರೆ" ಎಂದಳು. ನಾಲ್ಕು ತಿಂಗಳು ಹೀಗೇ ಉಗಿಸಿಕೊಂಡೆ.

ನಿನ್ನೆ ಮೊದಲ ಸಲ ಎಲ್ಲೂ ನಿಲ್ಲದೆ ನುಡಿಸಿದೆ. ಗಾನವೃಂದದವರು ಅಭ್ಯಾಸಕ್ಕೆ ಬೇಗ ಬಂದು ಹೊರಗೆ ಮೆಟ್ಟಿಲ ಮೇಲೆ ಬೀಸಣಿಗೆ ಬೀಸುತ್ತ ಕೂತಿದ್ದು ನನಗೆ ಗೊತ್ತೇ ಇರಲಿಲ್ಲ. ಕೊನೆಯ ಸ್ವರದಿಂದ ಕೈ ಎತ್ತಿದೆ ನೋಡು, ಹೊರಗಿನಿಂದ ನಾಲ್ಕು ಧ್ವನಿಯಲ್ಲಿ "ಆಮೆನ್" ಬಂತು. ಪಿಯಾನೊ ನಿಂತರೆ ಆಮೆನ್ ಹಾಡುವುದು ಆ ಪುಣ್ಯಾತ್ಮರಿಗೆ ರೂಢಿಯಾಗಿಹೋಗಿದೆ. ಎಲ್ಲರಿಗಿಂತ ದಪ್ಪ ದನಿ ಪಾದ್ರಿಗಳದ್ದು. ತೋಟದಿಂದ ಬಂದವರ ಹೆಗಲ ಮೇಲೆ ಗೆಡ್ಡೆಯ ಚೀಲ ಹಾಗೇ ಇತ್ತು.

"ಯಾವ ಕೀರ್ತನೆ ಇದು, ತೆಲೇಸಿಯಾ? ನಂಬರ್ ಎಷ್ಟು?" ಎಂದು ಒಳಗೆ ಬಂದರು.

"ಸಿನಿಮಾದ್ದು, ಪಾದ್ರಿಗಳೇ. ನನ್ನ ಮಗಳು ನುಡಿಸ್ತಿದ್ದಳಲ್ಲ, ಅದೇ" ಎಂದೆ. ಬೀಸಣಿಗೆಗಳೆಲ್ಲ ನಿಂತವು.

ಅವರು ಚೀಲ ಕೆಳಗಿಟ್ಟು ಕತ್ತು ಒರೆಸಿಕೊಂಡರು. "ಆಮೆನ್ ಅಂದಾಯ್ತಲ್ಲ. ಅದನ್ನ ವಾಪಸ್ ತಗೊಳ್ಳೋಕೆ ನನಗೂ ಬರಲ್ಲ. ಮಗಳು ಬಂದ್ರೆ ಅವಳೇ ನುಡಿಸ್ಲಿ, ನೀನು ತುಂಬ ನಿಧಾನ" ಎಂದರು.

ಲೋಸಾ ನಕ್ಕು ನಕ್ಕು ನೆಲದ ಮೇಲೆ ಕೂತಳು. ನನಗೆ ಕುಣಿಯಬೇಕೆನಿಸಿತು, ಮೊಣಕಾಲು ಬಿಡಲಿಲ್ಲ. ಇಷ್ಟು ಖುಷಿ ನನಗೆ ನೀನು ಹುಟ್ಟಿದಾಗ ಮಾತ್ರ ಆಗಿತ್ತು.

ಅಕ್ಟೋಬರಿನ ಬಿಳಿ ಭಾನುವಾರಕ್ಕೆ, ಮಕ್ಕಳ ಹಬ್ಬಕ್ಕೆ ಬಾ. ಪುಟ್ಟಿಗೆ ಬಿಳಿ ಅಂಗಿ ಹೊಲಿದಿಟ್ಟಿದ್ದೇನೆ. ಆವತ್ತು ಮಕ್ಕಳಿಗೇ ಮೊದಲ ಪಂಕ್ತಿ, ನಾವೆಲ್ಲ ಬಡಿಸುತ್ತೇವೆ.

ಬೆರಳು ನೋಯುತ್ತಿದ್ದರೂ ನಗುತ್ತಿರುವ
ನಿನ್ನ ಅಮ್ಮ,
ತೆಲೇಸಿಯಾ

ತಾ.ಕ.: ಮರೆತಿದ್ದೆ ಎಂದು ಬರೆಯಲು ಹೊರಟೆ, ಮರೆತಿರಲಿಲ್ಲ. ಪಾದ್ರಿಗಳಿಗೆ ಹೇಳಿದ್ದು ಲೋಸಾ ಅಲ್ಲ, ನಾನು. ನೀನು ನುಡಿಸಿದ್ದನ್ನು ಬಾಗಿಲ ಹೊರಗೆ ನಿಂತು ಕೇಳಿದೆ. ನಿನ್ನ ಬೆರಳು ನನಗಿಂತ ಚೆನ್ನಾಗಿ ಓಡುತ್ತಿತ್ತು, ಚರ್ಚಿನ ಪಿಯಾನೊ ಮುಂದೆ ನನ್ನ ಜಾಗ ಹೋಗುತ್ತದೆಂದು ಹೊಟ್ಟೆ ಉರಿಯಿತು. ಲೋಸಾಗೆ ಇದು ಆವತ್ತಿನಿಂದಲೇ ಗೊತ್ತು. ಒಂಬತ್ತು ವರ್ಷ ನಿನ್ನ ಮುನಿಸನ್ನು ತಾನೇ ಹೊತ್ತಳು, ನನ್ನ ಹೆಸರು ಎತ್ತಲಿಲ್ಲ. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗು ಮಗಳೇ, ಆದರೆ ಮೊದಲು ಅವಳಿಗೆ ಫೋನ್ ಮಾಡು.