ನನ್ನ ತಲೆಯ ಮೇಲಿದ್ದ ಸುದ್ದಿ

ಬಸ್ಸಿನಲ್ಲಿ ಸಂದೇಶ ಸಾಗಿಸುವ ಯೋಜನೆಯ ನಿರ್ದೇಶಕರಾದ ಮಾನ್ಯರೇ,

ನನ್ನ ತಾಯಿ ಬೀಬಿಜಾನ್ ತೀರಿಕೊಂಡ ಸುದ್ದಿಯನ್ನು ತಮ್ಮ ಯೋಜನೆ ನನಗೆ ತಲುಪಿಸಿದ್ದು ಅವರ ಮಣ್ಣಾದ ಮಾರನೆಯ ದಿನ. ಅದನ್ನು ತಾವು ಯಶಸ್ಸೆಂದು ಎಣಿಸಿಕೊಂಡಿದ್ದೀರಿ. ನನ್ನ ದೂರು ಇಷ್ಟೇ.

ತಮಗೆ ಗೊತ್ತಿರುವುದನ್ನು ಈ ಬಹಿರಂಗ ಪತ್ರ ಓದುವ ಜನರಿಗಾಗಿ ಹೇಳುತ್ತೇನೆ. ಚಾಮರಾಜನಗರ–ತೆರಕಣಾಂಬಿ ಬಸ್ಸಿನಲ್ಲಿ ಸಾಮಾನಿಡುವ ಹಲಗೆಯ ಮೇಲೆ ಒಂದು ಡಬ್ಬ ಕೂರಿಸಿದ್ದಾರೆ. ಊರಿನ ಕಂಪ್ಯೂಟರ್ ಕೇಂದ್ರದಲ್ಲಿ ಸುದ್ದಿ ಬರೆಸಿದರೆ, ಬಸ್ ಹತ್ತಿರ ಬಂದಾಗ ಅದು ತಂತಿಯಿಲ್ಲದೆ ಡಬ್ಬಕ್ಕೆ ಏರುತ್ತದೆ. ಇನ್ನೊಂದು ಊರಿನ ಕೇಂದ್ರದ ಮುಂದೆ ಬಸ್ ನಿಂತಾಗ ಇಳಿಯುತ್ತದೆ. ಅಲ್ಲಿಂದ ಚೀಟಿ ಮನೆಗೆ ಬರುತ್ತದೆ. ಉದ್ಘಾಟನೆಯ ದಿನ ನಾನೂ ಚಪ್ಪಾಳೆ ತಟ್ಟಿದ್ದೆ. ಅದಕ್ಕೂ ಮೊದಲು ಹೆರಿಗೆ, ಮದುವೆ, ಸಾವು ಎಲ್ಲವನ್ನೂ ಕಂಡಕ್ಟರ್ ಶಿವಮಲ್ಲು ಬಾಯಿಮಾತಿನಲ್ಲೇ ಮುಟ್ಟಿಸುತ್ತಿದ್ದರು. ಬಾಯಿಮಾತು ಓಡಾಡಿದರೆ ಡಬ್ಬದ ಪರೀಕ್ಷೆಯ ಅಂಕಿಅಂಶ ಕೆಡುತ್ತದಂತೆ. ಆದ್ದರಿಂದ ಬಸ್ ಸಿಬ್ಬಂದಿ ಯಾರ ಸುದ್ದಿಯನ್ನೂ ಒಯ್ಯಕೂಡದೆಂಬ ಫಲಕವನ್ನು ತಾವು ಬಾಗಿಲ ಬಳಿ ಹಾಕಿಸಿದಿರಿ.

ಆ ದಿನ ಬೆಳಿಗ್ಗೆ ತೆರಕಣಾಂಬಿಯಲ್ಲಿ ಅಮ್ಮಿ ಹೋದರು. ರಸ್ತೆ ಅಗೆದು ಊರಿನ ಟೆಲಿಫೋನ್ ಕೆಟ್ಟಿತ್ತು. ತಂಗಿ ಸಬಾ ಹಳೆಯ ರೂಢಿಯಂತೆ ಬಸ್ಸಿನ ಬಾಗಿಲಿಗೆ ಓಡಿಬಂದು, "ನಮ್ಮಣ್ಣಂಗೆ ಒಂದ್ ಸುದ್ದಿ ಅದ" ಎಂದಳು. ಸಾವು ಎಂಬ ಮಾತು ಅವಳ ಬಾಯಿಂದ ಇನ್ನೂ ಹೊರಟಿರಲಿಲ್ಲ. ಅಷ್ಟರಲ್ಲಿ ಶಿವಮಲ್ಲು ಫಲಕ ತೋರಿಸಿದರು.

"ಸುದ್ದಿಯಾದ್ರ ಕೇಂದ್ರದಲ್ಲಿ ಕೊಟ್ಬುಡವ್ವ. ನಾವ್ ಈಸ್ಕೊಳಂಗಿಲ್ಲ."

ಬಸ್ ಹೊರಡುವುದರೊಳಗೆ ಅವಳು ಕೇಂದ್ರದಲ್ಲಿ ಬರೆಸಿದಳು: ಅಮ್ಮಿ ಹೋದರು, ಸಂಜೆ ಅಸರ್ ನಮಾಜಿನ ನಂತರ ಮಣ್ಣು, ಬೇಗ ಬಾ. ಅವಳ ಗಂಡ ಅಮೀನ್ ಖುದ್ದಾಗಿ ನನ್ನನ್ನು ಕರೆತರಲು ಹೊರಟಿದ್ದವನು, ಡಬ್ಬದಲ್ಲಿ ಹೋಯಿತಲ್ಲ ಎಂದು ಗೋರಿ ತೋಡಿಸಲು ನಿಂತ. ತಮ್ಮನ್ನು ಅಷ್ಟು ನಂಬಿದ್ದೆವು.

ನಾನಿರುವ ಚಾಮರಾಜನಗರದಲ್ಲಿ ಕರೆಂಟಿರಲಿಲ್ಲ, ಕೇಂದ್ರ ಬಾಗಿಲು ಹಾಕಿತ್ತು. ಸುದ್ದಿ ಇಳಿಯಲಿಲ್ಲ. ಅದೇ ಬಸ್ಸು ವಾಪಸ್ ಹೊರಟಾಗ ನಾನು ಹತ್ತಿದೆ. ನಾನು ಹಾಸಿಗೆ ಹೊಲಿಯುವವನು. ದಾರಿಯಲ್ಲಿ ಸಿಗುವ ಉಡಿಗಾಲದಲ್ಲಿ ಮದುವೆ ಮನೆಯೊಂದರ ಕೆಲಸವಿತ್ತು. ಹತ್ತಿ ಹಿಂಜುವ ಬಿಲ್ಲನ್ನು ಹಲಗೆಯ ಮೇಲಿಡಲು ಹೋದೆ.

"ಗೌಸಣ್ಣ, ಬಿಲ್ಲ ಅತ್ಲಾಗಿ ಇಟ್ಕೊಳಿ. ಡಬ್ಬಕ್ಕ ತಗುಲ್ಬುಟ್ಟಾದು" ಎಂದರು ಶಿವಮಲ್ಲು.

ಸರಿಸಿಟ್ಟು, ಡಬ್ಬದ ಕೆಳಗೇ ಕೂತೆ. ಉಡಿಗಾಲದಲ್ಲಿ ಇಳಿದೆ. ನನ್ನ ಸುದ್ದಿ ನನ್ನನ್ನು ಇಳಿಸಿ, ತಾನು ಹೊರಟ ಊರಿಗೇ ಹೋಯಿತು. ಅಲ್ಲಿಯವರೆಗೆ ಕೂತಿದ್ದರೆ ಅಮ್ಮಿಯ ಮುಖ ನೋಡುತ್ತಿದ್ದೆ. ನಾನು ಯಾರದೋ ಮದುವೆಗೆ ಹತ್ತಿ ಹಿಂಜುತ್ತಿದ್ದಾಗ ನಮ್ಮವರು ಅಸರ್ ಮುಗಿದ ಮೇಲೂ ಬಸ್ಸಿನ ದಾರಿ ನೋಡಿ, ಹೊತ್ತು ಮುಳುಗುವ ಮೊದಲು ಮಣ್ಣು ಮಾಡಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಮರುದಿನ ನನ್ನ ಮನೆಗೆ ಚೀಟಿ ಬಂತು.

ತಮ್ಮ ಕಚೇರಿಗೆ ಹೋದಾಗ ಒಬ್ಬ ಅಧಿಕಾರಿ ಬಹಳ ವಿನಯದಿಂದ, "ಇದು ತಡವನ್ನು ಸಹಿಸುವ ಜಾಲ. ಸಂದೇಶ ತಡವಾಗಬಹುದು, ಕಳೆದುಹೋಗುವುದಿಲ್ಲ" ಎಂದರು. ಒಪ್ಪಿದೆ. ಆದರೆ ಮಾನ್ಯರೇ, ತಡವನ್ನು ಸಹಿಸಿದವರು ಯಾರು? ಡಬ್ಬವೇ? ತಾವೇ? ನಮ್ಮಲ್ಲಿ ಮಯ್ಯತ್ತನ್ನು, ಎಂದರೆ ಹೆಣವನ್ನು, ಹೆಚ್ಚು ಹೊತ್ತು ಕಾಯಿಸುವ ಪದ್ಧತಿಯಿಲ್ಲ. ಅದನ್ನು ತಮ್ಮ ಜಾಲಕ್ಕೆ ಯಾರಾದರೂ ತಿಳಿಸಿದ್ದರೇ?

ನನಗೆ ಇನ್ನೂ ಅಳು ಬಂದಿಲ್ಲ. ಉಣ್ಣುತ್ತೇನೆ, ಹತ್ತಿ ಹಿಂಜುತ್ತೇನೆ, ಕೇಳಿದವರಿಗೆ ಚೆನ್ನಾಗಿದ್ದೇನೆ ಎನ್ನುತ್ತೇನೆ. ಅತ್ತವರು ಶಿವಮಲ್ಲು. "ನಿಮ್ ತಂಗಿ ಮಾತ್ನ ಪೂರ್ತಿ ಕೇಳ್ಬೇಕಿತ್ತು ಕಣಣ್ಣ. ನಿಮ್ಮ ತಲೆ ಮ್ಯಾಲೇ ಇತ್ತು ಸುದ್ದಿ, ನಾನ್ ಬಿಲ್ಲ ಸರ್ಸುಸ್ದೆ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಪಾಲಿಸಿದ್ದು, ಮಾನ್ಯರೇ, ತಮ್ಮ ಫಲಕವನ್ನು.

ಡಬ್ಬವನ್ನು ಕೀಳಿಸಿ ಎಂದು ಕೇಳುತ್ತಿಲ್ಲ, ಇರಲಿ. ಆ ಫಲಕವನ್ನು ತೆಗೆಸಿ. ಸುದ್ದಿ ತಂದವರ ಮಾತನ್ನು ಕಂಡಕ್ಟರ್ ಕೇಳಿಸಿಕೊಳ್ಳಲಿ. ಮತ್ತೆ, ತಲುಪಿದ ಸಂದೇಶಗಳ ಲೆಕ್ಕದಿಂದ ನನ್ನದೊಂದನ್ನು ಕಳೆಯಿರಿ. ಅದು ನನಗೆ ತಲುಪಿಲ್ಲ.

ಇಂತಿ,
ನನ್ನನ್ನು ಯಾರೂ ಕೇಳದೆ ತಡವನ್ನು ಸಹಿಸಲು ನೇಮಕಗೊಂಡ
ಗೌಸ್ ಮೊಹಿದ್ದೀನ್
ಚಾಮರಾಜನಗರ, ೨೦೦೪