ಕಾಲಡಿ ದಿನ ನನ್ನ ಅಕ್ಕನ ನೆರಳು ಕೊಂಡವರಿಗೆ

ನೆರಳುಕಟ್ಟೆ, ಬಳ್ಳಾರಿ
ಮೂರನೇ ಬೇಸಿಗೆ, ತಾರೀಖು ಎಪ್ಪತ್ತೆರಡು, ೨೪೧೭

ನನಗಿಂತ ನಾನೂರು ವರ್ಷ ಹಿರಿಯರಾದರೂ ಇನ್ನೂ ಮಧ್ಯಾಹ್ನದ ಊಟ ಮುಗಿಸಿರದ ಮಾನ್ಯರೇ,

ಮೇಲಿನ ತಾರೀಖು ಕೈತಪ್ಪಲ್ಲ. ಮಳೆಗಾಲ ಬರುವುದನ್ನು ನಿಲ್ಲಿಸಿದ ಮೇಲೆ ನಾವು ವರ್ಷವನ್ನು ನಾಲ್ಕು ಬೇಸಿಗೆಗಳಾಗಿ ಹಂಚಿಕೊಂಡಿದ್ದೇವೆ. ಈ ಪತ್ರದ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಮಾತು ಬಿಡಿಸಿ ಹೇಳುವುದೇ ನನ್ನ ಕಸುಬು. ಹೆಸರು ಗಾದಿಲಿಂಗ. ಮೂವತ್ತೊಂದು ವರ್ಷದಿಂದ ನಮ್ಮೂರ ಪತ್ರಿಕೆಯಲ್ಲಿ ದಿನಕ್ಕೊಂದು ಮಾರುಕಟ್ಟೆ ಪದದ ಅರ್ಥ ಬರೆಯುತ್ತಾ ಬಂದಿದ್ದೇನೆ. ನನ್ನ ಓದುಗರು ಎಷ್ಟು ಜನ ಎಂಬುದು ಆ ಹಾಳೆಯಲ್ಲಿ ಮಂಡಕ್ಕಿ ಕಟ್ಟಿಕೊಡುವ ಅಂಗಡಿಯವನಿಗೆ ಗೊತ್ತು.

ನಿಮ್ಮ ರೂಪಾಯಿ, ಡಾಲರುಗಳು ಈಗ ಮ್ಯೂಸಿಯಮ್ಮಿನಲ್ಲಿವೆ. ಮಕ್ಕಳು ಹೋಗಿ ನೋಡಿ ನಗುತ್ತಾರೆ. ನಮ್ಮಲ್ಲಿ ಚಲಾವಣೆಯಲ್ಲಿರುವುದು ನೆರಳು. ಊರಿಗೊಂದು ನೆರಳು, ಊರಿಗೊಂದು ಬೆಲೆ. ಕಾರವಾರದ್ದು ದಪ್ಪ, ತಂಪು, ಮೂಸಿದರೆ ಸ್ವಲ್ಪ ಮೀನಿನ ವಾಸನೆ. ಬಳ್ಳಾರಿಯದ್ದು ಹಳೇ ಪಂಚೆಯಂತೆ ತೆಳು, ಆಚೆಯ ಬಿಸಿಲು ಈಚೆಗೆ ಕಾಣುತ್ತದೆ. ಚಾಪೆಯಂತೆ ಸುತ್ತಿ ಕಪ್ಪು ಪೆಟ್ಟಿಗೆಯಲ್ಲಿಟ್ಟು, ಬೇಕಾದಾಗ ತಲೆಯ ಮೇಲೆ ಬಿಚ್ಚಿಕೊಳ್ಳುತ್ತೇವೆ. ಒಂದು ಮೊಳ ಕಾರವಾರಕ್ಕೆ ಎಷ್ಟು ಮೊಳ ಬಳ್ಳಾರಿ ಎಂದು ನೆರಳಿನ ಸಂತೆ ನಡೆಯುವ ಕಟ್ಟೆಯ ಹಲಗೆಯ ಮೇಲೆ ದರ ಬರೆದಿರುತ್ತಾರೆ. ದರ ಎರಡು. ದಲ್ಲಾಳಿ ನಮ್ಮಿಂದ ಕೊಳ್ಳುವುದು ಒಂದಕ್ಕೆ, ನಮಗೆ ಮಾರುವುದು ಇನ್ನೊಂದಕ್ಕೆ. ನಡುವಿನ ಸಂದಿಗೆ ನಿಮ್ಮವರು ಸ್ಪ್ರೆಡ್ ಎನ್ನುತ್ತಿದ್ದರಂತೆ. ನಾವು ‘ದಲ್ಲಾಳಿ ಊಟ’ ಎನ್ನುತ್ತೇವೆ, ಆತ ಹೊಟ್ಟೆ ತುಂಬಾ ಉಣ್ಣುತ್ತಾನೆ. ದರ ಅಲುಗುವ ಅತಿ ಸಣ್ಣ ಅಳತೆ ನಿಮ್ಮಲ್ಲಿ ಪಿಪ್, ನಮ್ಮಲ್ಲಿ ಎಳ್ಳು: ಒಂದು ಎಳ್ಳು ಕಾಳಿನಷ್ಟು ನೆರಳು. ನಗಬೇಡಿ. ಎಳ್ಳಿನಷ್ಟು ನೆರಳಿಗಾಗಿ ಮದುವೆ ಮುರಿದುಹೋಗಿವೆ.

ಪೆಟ್ಟಿಗೆಯಲ್ಲಿ ಏನೂ ಇಲ್ಲದವರೂ ವ್ಯಾಪಾರ ಮಾಡಬಹುದು. ತಮ್ಮ ಮೈಯ ನೆರಳನ್ನು ಒತ್ತೆಯಿಟ್ಟರೆ ಕಟ್ಟೆಯವರು ಅದರ ನೂರರಷ್ಟು ನೆರಳನ್ನು ಆಡಿಸಲು ಬಿಡುತ್ತಾರೆ. ಒತ್ತೆಗೆ ನಿಮ್ಮ ಹೆಸರು ಮಾರ್ಜಿನ್, ನೂರು ಪಟ್ಟಿಗೆ ಲೆವರೇಜ್. ನಾವು ಅದನ್ನು ಸನ್ನೆಗೋಲು ಎನ್ನುತ್ತೇವೆ, ಸಣ್ಣ ಕೋಲಿನಿಂದ ದೊಡ್ಡ ಬಂಡೆ ಎತ್ತುವುದರಿಂದ. ಬಂಡೆ ಜಾರಿದರೆ ಬೀಳುವುದು ಯಾರ ಕಾಲ ಮೇಲೆ ಎಂಬುದನ್ನು ಹೆಸರಿನಲ್ಲಿ ಹೇಳಿಲ್ಲ. ಒತ್ತೆಯ ನೆರಳು ನಮ್ಮ ಕಾಲಿಗೇ ಅಂಟಿಕೊಂಡಿರುತ್ತದೆ. ದಿನವೂ ನಡುಮಧ್ಯಾಹ್ನ ಒಂದು ಯಂತ್ರ ಅದನ್ನು ಅಳೆದು, ಆಸ್ತಿ ಇನ್ನೂ ಇದೆಯೆಂದು ಖಾತ್ರಿ ಮಾಡಿಕೊಳ್ಳುತ್ತದೆ.

ತೊಂದರೆ ಇರುವುದು ಇಲ್ಲಿ. ಆ ಯಂತ್ರ ಮಾಡಿದವರು ದೂರದ ಉತ್ತರದ ಪಟ್ಟಣದವರು. ಅಲ್ಲಿ ಸೂರ್ಯ ಯಾವತ್ತೂ ನೆತ್ತಿಗೆ ಬರುವುದಿಲ್ಲ, ಮಧ್ಯಾಹ್ನವೂ ಗೇಣುದ್ದ ನೆರಳು ಇದ್ದೇ ಇರುತ್ತದೆ. ನಮ್ಮಲ್ಲಿ ವರ್ಷಕ್ಕೆರಡು ದಿನ ಸೂರ್ಯ ಸರಿಯಾಗಿ ತಲೆಯ ಮೇಲೆ ನಿಲ್ಲುತ್ತಾನೆ, ನೆರಳು ಕಾಲ ಕೆಳಗೆ ಹೊಕ್ಕು ಮಾಯವಾಗುತ್ತದೆ. ಅದಕ್ಕೆ ಕಾಲಡಿ ದಿನ ಎನ್ನುತ್ತೇವೆ. ಯಂತ್ರದ ಕಣ್ಣಿಗೆ ಆ ಹೊತ್ತು ಊರಿಗೆ ಊರೇ ಒತ್ತೆಯ ಸಮೇತ ಓಡಿಹೋದ ಹಾಗೆ. ಸರಿಪಡಿಸಿ ಎಂದು ನಲವತ್ತೆರಡು ಅರ್ಜಿ ಬರೆದೆವು. ಒಂದೇ ಉತ್ತರ ಬಂತು: “ನಮ್ಮಲ್ಲಿ ಹಾಗಾಗುವುದಿಲ್ಲ.” ಆದ್ದರಿಂದ ನಮ್ಮದೊಂದು ಪದ್ಧತಿ ಆಗಿದೆ. ಕಾಲಡಿ ದಿನದ ಹಿಂದಿನ ಸಂಜೆ ಎಲ್ಲರೂ ತಮ್ಮ ವ್ಯಾಪಾರ ಮುಗಿಸಿ, ನೆಲಮಾಳಿಗೆಯಲ್ಲಿ ಕೂತು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತೇವೆ. ಮರುದಿನ ಮಧ್ಯಾಹ್ನ ದಾಟಿದ ಮೇಲೆಯೇ ಹೊಸ ವ್ಯಾಪಾರ.

ನನ್ನ ಅಕ್ಕ ಹುಲಿಗೆಮ್ಮ ಮುಗಿಸಲಿಲ್ಲ. ಅವಳಿಗೆ ಅರವತ್ತೊಂದು. ಮನೆ ಮುಂದಿನ ಜಗುಲಿಗೆ ಆರು ಮೊಳ ಒಳ್ಳೆ ನೆರಳು ಹಾಸಿ, ಹಗಲಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಹರಟಬೇಕೆಂಬುದು ಅವಳ ಒಂದೇ ಆಸೆ. ಅದಕ್ಕಾಗಿ ತನ್ನಲ್ಲಿಲ್ಲದ ಕಾರವಾರದ ನೆರಳನ್ನು ಕಟ್ಟೆಯಿಂದ ಕಡ ತಂದು ಮಾರಿದ್ದಳು. ಕರಾವಳಿಗೆ ಮೋಡ ಕಟ್ಟಿದರೆ ಅಲ್ಲಿಯ ನೆರಳು ಅಗ್ಗವಾಗುತ್ತದೆ, ಆಗ ಕೊಂಡು ಹಿಂದಿರುಗಿಸಿದರಾಯಿತು, ಉಳಿದದ್ದು ಜಗುಲಿಗೆ ಎಂದು ಲೆಕ್ಕ. ನಿಮ್ಮವರು ಇದನ್ನು ಶಾರ್ಟ್ ಎನ್ನುತ್ತಿದ್ದರು. ಆದರೆ ಕಾಲಡಿ ದಿನದ ಹಿಂದಿನ ಸಂಜೆ, ಹೀಗೆ ಕಡ ತಂದು ಮಾರಿದವರೆಲ್ಲ ಒಟ್ಟಿಗೆ ಕೊಳ್ಳಲು ನುಗ್ಗಿದರು, ದರ ಏರಿತು. ಮುಗಿಸಿಬಿಡಕ್ಕ ಎಂದೆ. ಬಜ್ಜಿ ಮುರಿಯುತ್ತಾ ಅಂದಳು: “ಲೇ ಗಾದಿ, ಎಲ್ಲಾರೂ ಹೆದ್ರಿಕೆಂಡು ಕೊಳ್ಳಾಕ ಹೊಂಟಾರೆ ಅಂತ ನಾನೂ ಕೊಳ್ಳಬೇಕೇನು? ನಾಡಿದ್ದು ಅರ್ಧಕ್ಕೆ ಸಿಗತೈತೆ. ತಡೆಮಾತು ಹಾಕೀನಿ. ಅದನ್ನ ಹಾಕಿದೋರು ನೆಮ್ಮದಿಯಾಗಿ ಮಲಗಬೋದು ಅಂತ ಬರ್ದಾಂವ ನೀನೇ ಅಲ್ಲೇನಲೇ?”

ಬರೆದವನು ನಾನೇ. ತಡೆಮಾತು ಎಂದರೆ ನಿಮ್ಮ ಸ್ಟಾಪ್ ಲಾಸ್. ದರ ಇಷ್ಟಕ್ಕೆ ಮುಟ್ಟಿದರೆ ವ್ಯಾಪಾರ ತಾನೇ ಮುಗಿಯಲಿ, ನಷ್ಟ ಅಲ್ಲಿಗೇ ನಿಲ್ಲಲಿ ಎಂದು ಮೊದಲೇ ಕೊಟ್ಟಿಡುವ ಅಪ್ಪಣೆ. ಅಲ್ಲಿಗೆ ಅರ್ಥ ಮುಗಿದಿತ್ತು. ಕಾಲಮ್ಮಿನಲ್ಲಿ ಒಂದು ಸಾಲು ಖಾಲಿ ಉಳಿಯಿತೆಂದು ಆ ನೆಮ್ಮದಿಯ ಮಾತು ಸೇರಿಸಿದೆ.

ಮರುದಿನ ನೆತ್ತಿಯ ಹೊತ್ತಿಗೆ ದರ ಒಂದು ಎಳ್ಳೂ ಅಲುಗಲಿಲ್ಲ. ತಡೆಮಾತು ದರವನ್ನಷ್ಟೇ ಕಾಯುತ್ತದೆ, ಒತ್ತೆಯನ್ನಲ್ಲ. ಅದು ಮುಂಬಾಗಿಲಲ್ಲಿ ನಿಷ್ಠೆಯಿಂದ ನಿಂತೇ ಇತ್ತು, ಹಿತ್ತಲ ಬಾಗಿಲಿನಿಂದ ಮನೆ ಖಾಲಿಯಾಯಿತು. ಅಕ್ಕನ ಒತ್ತೆ ಸೊನ್ನೆ ಎಂದು ಯಂತ್ರ ಗಂಟೆ ಬಾರಿಸಿತು. ಅದೇ ನಿಮ್ಮ ಮಾರ್ಜಿನ್ ಕಾಲ್, ಒತ್ತೆ ತುಂಬಿಸಿ ಎಂಬ ಕರೆ. ಕೊಟ್ಟ ಗಡುವು ಒಂದು ರೆಪ್ಪೆ ಹೊಡೆಯುವಷ್ಟು. ಅದು ದಾಟಿದರೆ ಒತ್ತೆ ಕಟ್ಟೆಯ ಪಾಲು. ಸೂರ್ಯ ಕೂದಲೆಳೆ ವಾಲಿದ, ಅಕ್ಕನ ಜೊತೆ ಅಂಗಳದಲ್ಲಿ ನಿಂತಿದ್ದ ನನ್ನ ನೆರಳು ಹಿಮ್ಮಡಿಯ ಸಂದಿನಿಂದ ಮೆಲ್ಲಗೆ ಹೊರಬಂತು. ಅವಳದ್ದು ಬರಲಿಲ್ಲ. “ಇರಲೇ, ಅದಕ್ಕೂ ನನ್ನಂಗೆ ಮಂಡಿನೋವು, ನಿಧಾನಕ್ಕೆ ಬರತೈತೆ” ಎಂದಳು. ಸಂಜೆಯವರೆಗೂ ಇಬ್ಬರೂ ನೆಲ ನೋಡುತ್ತಾ ನಿಂತೆವು.

ನೆರಳಿಲ್ಲದವರು ಮಾಯವಾಗುವುದಿಲ್ಲ, ಅಷ್ಟಾದರೂ ದಯೆಯಿದೆ. ನೋಡುವವರ ಗಮನ ಅವರ ಮೇಲಿಂದ ಜಾರಿಹೋಗುತ್ತದೆ, ಅಷ್ಟೇ. ಮೊದಲ ವಾರ ಗುಬ್ಬಿಗಳು ಅವಳ ಹೆಗಲ ಮೇಲೆ ಕೂತವು. ಎರಡನೇ ವಾರ ಪಕ್ಕದ ಮನೆ ಈರಮ್ಮ ಜಗುಲಿ ಗುಡಿಸುತ್ತಾ ಅಕ್ಕನನ್ನೂ ಗುಡಿಸಿದಳು. ಎಲ್ಲಿದ್ದಾಳೆಂದು ತಿಳಿಯಲಿ ಎಂದು ಕಾಲಿಗೆ ಗೆಜ್ಜೆ ಕಟ್ಟಿದೆ. “ಈ ವಯಸ್ನಾಗೆ ನನ್ನ ಕುಣಿಸ್ತೀಯೇನಲೇ” ಎಂದು ನಕ್ಕಳು. ಮರೆತುಹೋಗದಿರಲೆಂದು ಅವಳ ಹೆಸರನ್ನು ನನ್ನ ಮಣಿಕಟ್ಟಿನ ಮೇಲೆ ಬರೆದುಕೊಂಡಿದ್ದೇನೆ, ದಿನವೂ ತಿದ್ದುತ್ತೇನೆ. ನಿನ್ನೆ ಒಂದೇ ತಟ್ಟೆಯಲ್ಲಿ ಅನ್ನ ಬಡಿಸಿಕೊಂಡು ಉಂಡು ಎದ್ದೆ. ಕೈ ತೊಳೆಯುವಾಗ ಎದುರಿಗೆ ಗೆಜ್ಜೆಯ ಸದ್ದಾಯಿತು.

ಕಟ್ಟೆಯಿಂದ ಅಕ್ಕನ ನೆರಳಿನ ಮಾರಾಟದ ಚೀಟಿ ಬಂತು. ಮುಂದೆ ಕೊಡುವುದನ್ನು ಇಂದೇ ಮಾತಾಡಿ ಮಾರುವುದು ನಿಮ್ಮ ಕಾಲದಲ್ಲೂ ಇತ್ತು. ಯಂತ್ರ ಅದನ್ನೇ ತಿರುವಿಹಾಕಿ, ಹಿಂದೆ ಎಂದೋ ಕೊಟ್ಟಾಗಿದೆ ಎಂದೂ ಮಾರಲು ಕಲಿತಿದೆ. ಚೀಟಿಯ ಪ್ರಕಾರ ನೆರಳು ವಿಲೇವಾರಿಯಾದದ್ದು ನಾನೂರು ವರ್ಷ ಹಿಂದಿನ ನಿಮ್ಮ ಕಾಲಕ್ಕೆ. ಕೊಂಡವರ ಹೆಸರಿನ ಜಾಗದಲ್ಲಿ ಇಷ್ಟೇ ಇತ್ತು: ‘ಈ ಪತ್ರ ಓದುತ್ತಿರುವವರು.’ ಚೀಟಿ ಬಂದಾಗ ನಾನಿನ್ನೂ ಯಾವ ಪತ್ರವನ್ನೂ ಬರೆದಿರಲಿಲ್ಲ.

ನಾನೇನೂ ಕೊಂಡಿಲ್ಲವಲ್ಲ ಎನ್ನುತ್ತೀರಿ. ನಿಮ್ಮ ಕಾಲದವರು ಉದ್ದನೆಯ ಷರತ್ತುಗಳನ್ನು ಓದದೆಯೇ ‘ಒಪ್ಪಿದೆ’ ಎಂದು ಒತ್ತುತ್ತಿದ್ದರೆಂದು ಕೇಳಿದ್ದೇನೆ. ಅದರ ಮೇಲೆ ತಕರಾರಿಲ್ಲ, ಒಂದು ಕೋರಿಕೆಯಿದೆ. ನಿಮ್ಮ ಊರಿನ ಕಾಲಡಿ ದಿನ ಯಾವುದೆಂದು ತಿಳಿದುಕೊಳ್ಳಿ. ಬಳ್ಳಾರಿಯಲ್ಲಿ ವರ್ಷದ ಮೊದಲನೆಯದು ನಿಮ್ಮ ಮೇ ತಿಂಗಳು ಹುಟ್ಟುವ ಹೊತ್ತಿಗೆ. ಆ ಮಧ್ಯಾಹ್ನ ಬಯಲಲ್ಲಿ ನಿಂತು ನೆಲ ನೋಡಿ. ನಿಮ್ಮ ನೆರಳು ಕಾಲಡಿ ಸೇರಿರುತ್ತದೆ. ಆದರೂ ಅಲ್ಲೊಂದು ಉಳಿದಿರುತ್ತದೆ: ಎಡ ಹೆಗಲು ಸ್ವಲ್ಪ ಇಳಿದ, ತುರುಬಿನ ಹೆಂಗಸಿನದು. ನೀವು ಸುಮ್ಮನೆ ನಿಂತಿದ್ದರೂ ಅದು ಕೈ ಆಡಿಸುತ್ತಿರುತ್ತದೆ. ಹೆದರಬೇಡಿ, ಯಾರನ್ನೋ ಹರಟೆಗೆ ಕರೆಯುತ್ತಿದೆ. ಅದನ್ನು ತುಳಿಯದೆ ಒಂದು ಹೆಜ್ಜೆ ಹಿಂದೆ ಸರಿದು, ‘ಬಿಟ್ಟೆ’ ಎಂದು ಗಟ್ಟಿಯಾಗಿ ಹೇಳಿ. ನಮ್ಮ ಕಟ್ಟೆಯಲ್ಲಿ ವ್ಯಾಪಾರ ಮುಗಿಯುವುದು ಆ ಮಾತಿನಿಂದ, ನೆರಳು ಅಕ್ಕನಿಗೆ ಮರಳುವುದೂ.

ಕಳಿಸುವ ಮುನ್ನ ಪತ್ರವನ್ನು ಮೊದಲಿನಿಂದ ಓದಿ ನೋಡಿದೆ. ನಡುವೆ ಹುಲಿಗೆಮ್ಮ ಎಂದು ಯಾರದೋ ಹೆಸರು ಬಂದಿದೆ, ನನ್ನ ಅಕ್ಕನಂತೆ. ನನ್ನ ಮಣಿಕಟ್ಟಿನ ಮೇಲೂ ಅದೇ ಇದೆ. ಯಾರೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕೈಬರಹ ನನ್ನದೇ ಆದ್ದರಿಂದ ನನಗೆ ಬೇಕಾದವರೇ ಇರಬೇಕು. ಜಗುಲಿಯ ಮೇಲೆ ಯಾರೂ ಇಲ್ಲ, ಗೆಜ್ಜೆಯ ಸದ್ದು ಮಾತ್ರ ಇದೆ. ದಯವಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಿರಿ.

ತಮ್ಮ ವಿಧೇಯ,
ಗಾದಿಲಿಂಗ